ದುಶ್ಶಾಸನನ ಕೈ ಎಲ್ಲಿ ನಿಲ್ಲಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಅಂದ್ರೆ ‘ಕುರುಕ್ಷೇತ್ರ’ ನಾಟಕ ನೆನಪಾಗುತ್ತೆ. ಪಾರ್ಟು ಕಟ್ಟೋರೇ ದುಡ್ಡು ಕೊಡಬೇಕು, ಪಾರ್ಟಿಗೆ ತಕ್ಕ ರೇಟು. ಕೃಷ್ಣನಷ್ಟೇ ಬೇಡಿಕೆ ಇರೋದು ಯಾರಿಗೆ ಗೊತ್ತಾ? ದುರ್ಯೋಧನನಿಗೆ!

ಖಳನಿಗೆ ಇಷ್ಟು ಬೆಲೆ ಕೊಡೋದು ತಪ್ಪು ಅಂತ ನನಗನ್ನಿಸಲ್ಲ. ಸಾವಿರ ವರ್ಷದ ಹಿಂದೆಯೇ ರನ್ನ ‘ಗದಾಯುದ್ಧ’ದಲ್ಲಿ ಅವನಿಗೊಂದು ಘನತೆ ಕೊಟ್ಟ. ರಣರಂಗದಲ್ಲಿ ತಮ್ಮನ, ಗೆಳೆಯ ಕರ್ಣನ ಹೆಣ ಕಂಡು ಅವನು ಗೋಳಾಡುವಾಗ ನಮ್ಮ ಕಣ್ಣೂ ಒದ್ದೆಯಾಗುತ್ತೆ. ದಾಯಾದಿಗೆ ಪಾಲು ಕೊಡದ ಛಲವೂ ನಮಗೇನು ಹೊಸದಲ್ಲ. ಬಿಡದಿ ಕಡೆ ಸೈಟಿನ ರೇಟು ಏರಿದ ಮೇಲಂತೂ ಮನೆಮನೆಯಲ್ಲೂ ಒಬ್ಬ ದುರ್ಯೋಧನ.

ನನ್ನ ತಕರಾರಿರೋದು ದುಶ್ಶಾಸನನ ಸೀನಿನ ಬಗ್ಗೆ.

ದ್ರೌಪದಿ ಪಾರ್ಟಿಗೆ ಸಾಮಾನ್ಯವಾಗಿ ಹೊರಗಿಂದ ವೃತ್ತಿ ಕಲಾವಿದೆಯನ್ನು ಕರೆಸ್ತಾರೆ. ಎಷ್ಟೋ ಸಲ ಆಕೆ ಊರಿಗೆ ಬರೋದೇ ನಾಟಕದ ದಿನ ಸಂಜೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಗಂಟಲು ಹರಿದುಕೊಂಡ ದುಶ್ಶಾಸನ ಆಕೆಯ ಎದುರು ನಿಲ್ಲೋದು ರಂಗದ ಮೇಲೇ ಮೊದಲು. ದುಡ್ಡು ಕೊಟ್ಟ ಪಾರ್ಟು, ಕೆಳಗೆ ಗೆಳೆಯರ ಶಿಳ್ಳೆ. ಮುಡಿ ಹಿಡಿದ ಕೈ ನಿಜವಾಗ್ಲೂ ಎಳೆದುಬಿಡುತ್ತೆ. ನೋವಾದ್ರೂ ಆಕೆ ನಾಟಕ ನಿಲ್ಲಿಸೋ ಹಾಗಿಲ್ಲ. ಅಳು ಯಾವುದು, ಅಭಿನಯ ಯಾವುದು ಅಂತ ಜನಕ್ಕೂ ಗೊತ್ತಾಗಲ್ಲ.

ಕೇಳಿದ್ರೆ, ‘ಪಾತ್ರದಲ್ಲಿ ಮುಳುಗಿಬಿಟ್ಟಿದ್ದ’ ಅಂತ ಸಮಜಾಯಿಷಿ. ಹಾಗಾದ್ರೆ ತೊಡೆ ಮುರಿಯೋ ಭೀಮ ಗದೆಯನ್ನು ಯಾಕೆ ಮೆತ್ತಗೆ ತಾಗಿಸ್ತಾನೆ? ಅವನೂ ಮುಳುಗಿರ್ತಾನಲ್ವಾ! ಗದೆಯ ಏಟಿಗೆ ಮೊದಲೇ ಲೆಕ್ಕ ಹಾಕಿರ್ತಾರೆ, ಸೆರಗಿಗೆ ಹಾಕಿರಲ್ಲ.

ಇದಕ್ಕೇನು ಲಕ್ಷಗಟ್ಟಲೆ ಖರ್ಚಿಲ್ಲ. ಕಲಾವಿದೆಯನ್ನು ಮಧ್ಯಾಹ್ನವೇ ಕರೆಸಲಿ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ಆಕೆಯನ್ನೇ ಕೇಳಿ ಒಂದು ಸಲ ಅಭ್ಯಾಸ ಮಾಡಲಿ. ಸಿನಿಮಾದವರು ಈಗ ಇಂಥದ್ದಕ್ಕೆ ಇಂಟಿಮೆಸಿ ಕೋಆರ್ಡಿನೇಟರ್ ಅಂತಲೇ ಇಟ್ಕೊಳ್ತಾರೆ, ಇಲ್ಲಿ ಆ ಕೆಲಸ ಮೇಷ್ಟ್ರದ್ದು. ಕುಡಿದು ಬಂದವನಿಗೆ ಬಣ್ಣ ಹಚ್ಚಲ್ಲ ಅನ್ನೋ ಅಧಿಕಾರವೂ ಅವರಿಗಿರಲಿ, ಅವನು ಎಷ್ಟೇ ದುಡ್ಡು ಕೊಟ್ಟಿರಲಿ.

ಬೆಂಗಳೂರಿಂದ ಊರಿಗೆ ಹೋಗೋ ನಮ್ಮದೂ ಒಂದು ಪಾಲಿದೆ. ಸೀರೆ ಎಳೆಯೋ ಸೀನು ಬಂದ ಕೂಡಲೇ ಫೋನ್ ಮೇಲೇಳುತ್ತೆ, ಬೆಳಗಾಗೋದ್ರೊಳಗೆ ರೀಲ್ಸು. ಆ ಕಲಾವಿದೆಗೂ ಮನೆಯಲ್ಲಿ ಮಕ್ಕಳಿರಬಹುದು, ಅವರ ಕೈಲೂ ಫೋನಿರುತ್ತೆ. ವಿಡಿಯೊ ಬೇಕೇ ಬೇಕು ಅಂದ್ರೆ ದುರ್ಯೋಧನ ಸರೋವರದಿಂದ ಎದ್ದು ಬರೋವಾಗ ಮಾಡ್ಕೊಳ್ಳಿ. ಅದಕ್ಕೆ ಬೆಳಗಿನ ಜಾವದವರೆಗೂ ನಿದ್ದೆ ಕೆಡಬೇಕು, ಅಷ್ಟೇ.