ಭಾರಲೋಹಗಳ ಬಾಧೆಯೂ ಬೇರಿನ ಶಿಲೀಂಧ್ರಗಳೂ

ಸಸ್ಯದ ಬೇರು ಮಣ್ಣಿನಲ್ಲಿ ಒಂಟಿಯಾಗಿ ಬಾಳುವುದು ವಿರಳ. ಬೇರು ಮತ್ತು ಶಿಲೀಂಧ್ರಗಳ ಸಹಜೀವನಕ್ಕೆ ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ 1885ರಲ್ಲಿ 'ಮೈಕೊರೈಜಾ' ಎಂಬ ಹೆಸರನ್ನಿತ್ತರು. ರಾಗಿ, ಜೋಳ, ತೊಗರಿ ಮೊದಲಾದ ಬಹುತೇಕ ಬೆಳೆಗಳಲ್ಲಿ ಕಂಡುಬರುವುದು ಇದರ ಅರ್ಬಸ್ಕ್ಯುಲರ್ ಪ್ರಕಾರ. ಇಲ್ಲಿ ಶಿಲೀಂಧ್ರವು ಬೇರಿನ ಜೀವಕೋಶಗಳ ಒಳಹೊಕ್ಕು ಪುಟ್ಟ ಮರದಂತೆ ಕವಲೊಡೆಯುತ್ತದೆ. ಮಣ್ಣಿನಿಂದ ರಂಜಕವನ್ನು ತಂದಿತ್ತು, ಸಸ್ಯದಿಂದ ಶರ್ಕರ ಹಾಗೂ ಕೊಬ್ಬಿನಾಮ್ಲಗಳನ್ನು ಪಡೆಯುತ್ತದೆ.

ಈ ಕೊಡುಕೊಳ್ಳುವಿಕೆ ಪೋಷಣೆಗಷ್ಟೇ ಸೀಮಿತವಲ್ಲ. ಜರ್ಮನಿಯ ಆಖೆನ್ ಬಳಿಯ ಬ್ರೈನಿಗರ್‌ಬೆರ್ಗ್ ಹಳೆಯ ಗಣಿ ಪ್ರದೇಶ. ಅಲ್ಲಿನ ಸತು ತುಂಬಿದ ನೆಲದಲ್ಲಿ ವಯೋಲಾ ಕ್ಯಾಲಮಿನೇರಿಯಾ ಎಂಬ ಹಳದಿ ಹೂವಿನ ಪುಟ್ಟ ಸಸ್ಯ ಬೆಳೆಯುತ್ತದೆ. ಅದರ ಬೇರಿನಿಂದ ಪ್ರತ್ಯೇಕಿಸಿದ ಗ್ಲೋಮಸ್ ಶಿಲೀಂಧ್ರವನ್ನು ಮೆಕ್ಕೆಜೋಳಕ್ಕೆ ಸೇರಿಸಿದಾಗ, ಲೋಹಭರಿತ ಮಣ್ಣಿನಲ್ಲಿಯೂ ಆ ಬೆಳೆ ಚೆನ್ನಾಗಿ ಬೆಳೆದುದನ್ನು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೇರು ಸೇರಿದ ಲೋಹಗಳು ಮುಖ್ಯವಾಗಿ ಶಿಲೀಂಧ್ರವು ನೆಲೆಸಿದ್ದ ಒಳಪದರದ ಕೋಶಗಳಲ್ಲಿಯೇ ಉಳಿದಿದ್ದವು.

ಇದರ ಕಾರ್ಯವಿಧಾನ ಹಲಬಗೆಯದು. ಶಿಲೀಂಧ್ರತಂತುಗಳ ಭಿತ್ತಿಯಲ್ಲಿರುವ ಕೈಟಿನ್ ಮುಂತಾದ ವಸ್ತುಗಳು ಲೋಹದ ಅಯಾನುಗಳನ್ನು ಹಿಡಿದಿಡುತ್ತವೆ. ಒಳನುಸುಳಿದ ಅಯಾನುಗಳು ತಂತುಗಳ ರಸದಾನಿಗಳಲ್ಲಿ ಬಂಧಿತವಾಗುತ್ತವೆ. ರಂಜಕ ಯಥೇಷ್ಟವಾಗಿ ದೊರೆತ ಸಸ್ಯ ಹುಲುಸಾಗಿ ಬೆಳೆಯುವುದರಿಂದ ಅದರ ಅಂಗಾಂಶಗಳಲ್ಲಿ ಲೋಹದ ಸಾಂದ್ರತೆಯೂ ತಗ್ಗಬಹುದು. ಇದಲ್ಲದೆ, ಲೋಹಗಳಿಂದುಂಟಾಗುವ ಉತ್ಕರ್ಷಣ ಹಾನಿಯನ್ನು ತಡೆಯುವ ಕಿಣ್ವಗಳ ಚಟುವಟಿಕೆ ಅನೇಕ ಪ್ರಯೋಗಗಳಲ್ಲಿ ಹೆಚ್ಚಿದೆ.

ಆದರೆ ಸಸ್ಯದ ಸಹಿಷ್ಣುತೆ ಬೇರೆ, ಆಹಾರದ ಸುರಕ್ಷತೆ ಬೇರೆ. ಸತು, ತಾಮ್ರಗಳು ಅಲ್ಪ ಪ್ರಮಾಣದಲ್ಲಿ ಸಸ್ಯಕ್ಕೆ ಅವಶ್ಯ. ಮಣ್ಣಿನಲ್ಲಿ ಅವು ಕಡಿಮೆಯಿದ್ದಾಗ ಇದೇ ಶಿಲೀಂಧ್ರಗಳು ಅವುಗಳ ಹೀರಿಕೆಯನ್ನು ಹೆಚ್ಚಿಸುತ್ತವೆ. ಕ್ಯಾಡ್ಮಿಯಮ್, ಸೀಸಗಳ ವಿಷಯದಲ್ಲಿಯೂ ಶಿಲೀಂಧ್ರದ ತಳಿ, ಬೆಳೆ, ಮಣ್ಣಿನ ಆಮ್ಲೀಯತೆಗಳಿಗೆ ಅನುಗುಣವಾಗಿ ಫಲಿತಾಂಶ ಬದಲಾಗುತ್ತದೆ. ಆದುದರಿಂದ ಹಸಿರಾಗಿ ನಿಂತ ಪೈರನ್ನು ಕಂಡು ಮಣ್ಣು ಶುದ್ಧವಾಯಿತೆಂದು ಭಾವಿಸಲಾಗದು. ಕಾಳನ್ನೂ ಸೊಪ್ಪನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು.

ಇನ್ನೊಂದು ಮಿತಿಯೂ ಗಮನಾರ್ಹ. ಎಲೆಕೋಸು, ಮೂಲಂಗಿ, ಸಾಸಿವೆ, ಪಾಲಕ್‌ಗಳು ಸಾಮಾನ್ಯವಾಗಿ ಈ ಸಹಜೀವನಕ್ಕೆ ಒಳಪಡುವುದಿಲ್ಲ. ಮಹಾನಗರಗಳ ಅಂಚಿನಲ್ಲಿ ಕೊಳಚೆ ನೀರು ಹಾಯಿಸಿ ಬೆಳೆಯುವ ತರಕಾರಿಗಳಲ್ಲಿ ಇವೂ ಸೇರಿವೆ. ರಂಜಕ ಗೊಬ್ಬರದ ಅತಿಬಳಕೆ ಉಳಿದ ಬೆಳೆಗಳಲ್ಲಿಯೂ ಶಿಲೀಂಧ್ರವನ್ನು ಕುಗ್ಗಿಸುತ್ತದೆ. ಬೇರಿನ ಈ ಗೆಳೆಯ ವಿಷದ ಪೆಟ್ಟನ್ನು ಮೆದುಗೊಳಿಸಬಲ್ಲನೇ ಹೊರತು, ಹೊಲಕ್ಕೆ ಹರಿದುಬರುವ ವಿಷವನ್ನು ನಿಲ್ಲಿಸಲಾರ. ಆ ಹೊಣೆ ನಮ್ಮದು.