ಹಾಲಿನ ಹಣ ಮತ್ತು ಆದಾಯ ತೆರಿಗೆ: ಯಾವ ಖರ್ಚು ವಜಾ ಆಗುತ್ತದೆ?

ಔರಾದ ಭಾಗದ ಸದಸ್ಯ ಬಾಂಧವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ಹೊಲ ನಮ್ಮದು, ಎಮ್ಮೆ ನಮ್ಮದು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವೆಂದ ಮೇಲೆ ಹಾಲಿನ ಹಣಕ್ಕೆ ಯಾಕೆ?" ಸೋಯಾ, ತೊಗರಿ, ಜೋಳ ಬೆಳೆದು ಮಾರಿದ ಹಣ ಕೃಷಿ ಆದಾಯವೇ ಸರಿ. ಆದರೆ ಆದಾಯ ತೆರಿಗೆ ಕಾನೂನಿನಲ್ಲಿ ಹೈನುಗಾರಿಕೆ ಕೃಷಿಯಲ್ಲ, ವ್ಯವಹಾರ. ದೇವಣಿ ಆಕಳು ನಮ್ಮ ಹೊಲದ ಮೇವನ್ನೇ ತಿಂದರೂ ಅದರ ಹಾಲಿನ ಹಣ ಕೃಷಿ ಆದಾಯದ ಕಾಲಂಗೆ ಸೇರದು. ಹಾಗೆ ಬರೆಸಿದವರಿಗೆ ಮುಂದೆ ವಿವರಣೆ ಕೇಳಿ ನೋಟಿಸು ಬರಬಹುದು.

ಹಾಗೆಂದು ಗಾಬರಿ ಬೇಡ. ತೆರಿಗೆಯ ಲೆಕ್ಕ ಸಂಘ ಕೊಟ್ಟ ಪೂರ್ತಿ ಹಣದ ಮೇಲಲ್ಲ, ಖರ್ಚು ಕಳೆದು ಉಳಿದದ್ದರ ಮೇಲೆ. ತಪ್ಪಾಗುವುದೂ ಇಲ್ಲಿಯೇ. ಹಾಲಿನ ಬಿಲ್ಲಿನಲ್ಲಿ ಮುರಿದುಕೊಂಡದ್ದೆಲ್ಲ ಖರ್ಚು ಎಂದು ಹಲವರು ತಿಳಿದಿದ್ದಾರೆ. ಪಶು ಆಹಾರ, ಖನಿಜ ಮಿಶ್ರಣ, ಔಷಧಿ, ರಾಸು ವಿಮೆಯ ಕಂತು ಇವು ಖರ್ಚು ಹೌದು. ಷೇರು ಹಣ ಖರ್ಚಲ್ಲ, ಅದು ನಿಮ್ಮ ಹೂಡಿಕೆ. ಎಮ್ಮೆ ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಬಿಲ್ಲಿನ ಹೊರಗೆ ಆಳಿನ ಕೂಲಿ, ಕೊಂಡ ಮೇವು, ಕೊಟ್ಟಿಗೆಯ ವಿದ್ಯುತ್, ಮೇವು ಕತ್ತರಿಸುವ ಯಂತ್ರದ ಸವಕಳಿ ಸೇರುತ್ತವೆ. ಒಂದು ಎಚ್ಚರಿಕೆ: ಹಿಂಡಿ ಅಂಗಡಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಬ್ಯಾಂಕಿನ ಮೂಲಕವೇ ಕೊಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅವಕಾಶವೂ ಇದೆ. ಕೊಂಡು ತಂದ ರಾಸು ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕೊಂಡ ಬೆಲೆಯಲ್ಲಿ ಅದರಿಂದ ಕೈಗೆ ಬಂದ ಹಣ ಕಳೆದು ಉಳಿದದ್ದನ್ನು ನಷ್ಟವಾಗಿ ತೋರಿಸಬಹುದು. ವಿಮೆ ಹಣ ಬಂದಿದ್ದರೆ ಮುಚ್ಚಿಡಬಾರದು. ಇದಕ್ಕಾಗಿಯೇ ರಾಸು ಕೊಂಡ ಚೀಟಿಯನ್ನೂ ಪಶುವೈದ್ಯರ ಪ್ರಮಾಣಪತ್ರವನ್ನೂ ಜೋಪಾನ ಮಾಡಬೇಕು. ಮನೆಯಲ್ಲೇ ಹುಟ್ಟಿದ ಕರು ಬೆಳೆದು ಸತ್ತರೆ ತೋರಿಸಲು ಕೊಂಡ ಬೆಲೆಯೇ ಇರುವುದಿಲ್ಲ. ದುಃಖ ಎರಡೂ ಕಡೆ ಒಂದೇ, ಕಾನೂನು ಬೇರೆ.

ಒಂದು ಉದಾಹರಣೆ. ವರ್ಷಕ್ಕೆ ಬಂದ ಹಾಲಿನ ಹಣ ರೂ. 5,40,000. ಆಹಾರ ಮತ್ತು ಮೇವು ರೂ. 3,50,000, ಕೂಲಿ ರೂ. 72,000, ಔಷಧಿ ಮತ್ತು ವಿಮೆ ರೂ. 16,000, ಬಡ್ಡಿ ರೂ. 14,000. ಒಟ್ಟು ಖರ್ಚು ರೂ. 4,52,000. ಆದಾಯವೆಂದು ಹಿಡಿಯುವುದು ರೂ. 88,000 ಮಾತ್ರ. ಚೀಟಿ ಇಡಲಾಗದವರಿಗೆ 1961ರ ಕಾಯ್ದೆಯ 44ಎಡಿ ಕಲಮಿನ ಅಂದಾಜು ಪದ್ಧತಿ ಇದೆ. ಬ್ಯಾಂಕಿಗೆ ಜಮೆಯಾದ ಹಣದ ಶೇ. 6, ನಗದಿನ ಶೇ. 8 ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸುವುದು ಸರಿ.

ಇನ್ನು ಮನೆಯ ಉಳಿತಾಯದ ವಜಾ. ಜೀವವಿಮೆ, ಪಿಪಿಎಫ್, ಮಕ್ಕಳ ಬೋಧನಾ ಶುಲ್ಕಕ್ಕೆ 80ಸಿ ಅಡಿ ರೂ. 1,50,000ದವರೆಗೆ, ಆರೋಗ್ಯ ವಿಮೆಗೆ 80ಡಿ ಅಡಿ ರೂ. 25,000ದವರೆಗೆ (60 ದಾಟಿದವರಿಗೆ ರೂ. 50,000) ವಜಾ ಸಿಗುವುದು ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇವಿಲ್ಲ. ಆದರೆ ಮೇಲೆ ಹೇಳಿದ ಹೈನಿನ ಖರ್ಚುಗಳು ಎರಡರಲ್ಲೂ ಉಂಟು. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ರೂ. 4 ಲಕ್ಷದವರೆಗೆ ತೆರಿಗೆ ದರವೇ ಇಲ್ಲ, ಸಾಮಾನ್ಯ ಆದಾಯ ರೂ. 12 ಲಕ್ಷದವರೆಗೆ ರಿಯಾಯಿತಿಯಿಂದ ತೆರಿಗೆ ಶೂನ್ಯ. ವ್ಯವಹಾರದ ಆದಾಯವಿದ್ದು ಹಳೆ ಪದ್ಧತಿ ಬೇಕೆನ್ನುವವರು ಗಡುವಿನೊಳಗೆ 10-ಐಇಎ ಫಾರಂ ಕೊಡಬೇಕು.

ತೆರಿಗೆಯೇ ಇಲ್ಲದ ಮೇಲೆ ರಿಟರ್ನ್ ಏಕೆ ಎನ್ನಬಹುದು. ಠೇವಣಿ ಬಡ್ಡಿಯಲ್ಲಿ ಬ್ಯಾಂಕು ಮುರಿದ ತೆರಿಗೆ ವಾಪಸು ಬರುವುದು ರಿಟರ್ನ್ ಸಲ್ಲಿಸಿದರೆ ಮಾತ್ರ. ದೊಡ್ಡ ಸಾಲಕ್ಕೂ ಬ್ಯಾಂಕಿನವರು ಅದನ್ನೇ ಕೇಳುತ್ತಾರೆ. ಫಾರಂ ತುಂಬಿಸುವಾಗ ಒಂದು ಮಾತು ನೆನಪಿರಲಿ: ಹೊಲದ ಆದಾಯ ರೂ. 5,000 ಮೀರಿದವರಿಗೆ ಸರಳವಾದ ಐಟಿಆರ್-4 ನಡೆಯದು, ಐಟಿಆರ್-3 ಬೇಕು. ವರ್ಷದ ಹಾಲಿನ ಬಿಲ್ಲಿನ ಪಟ್ಟಿಯನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಿಂದ ಪಡೆದು ಜೊತೆಗೆ ಒಯ್ಯಿರಿ.