ಕಣ್ಣಿಗೂ ಒಂದು ಪರೀಕ್ಷೆ

ಹುಮನಾಬಾದಿನ ಬಳಿಯ ಜಲಸಂಗಿಯ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ನೀವು ಕಂಡಿರಬಹುದು. ಹಳೆಯ ಶಾಸನಗಳ ಸವೆದ ಅಕ್ಷರ ನಡುಹಗಲಿನಲ್ಲಿ ಕಾಣದು. ಬೆಳಕು ಓರೆಯಾಗಿ ಬಿದ್ದಾಗ ಎದ್ದು ತೋರುತ್ತದೆ. ತಪ್ಪಾಗಿ ಓದಿದರೆ ಪಂಡಿತರೊಳಗೆ ಜಗಳವಾದೀತು, ಅಷ್ಟೆ. ಕಫದ ಲೇಪವನ್ನು ತಪ್ಪಾಗಿ ಓದಿದರೆ ಕ್ಷಯರೋಗಿಯೊಬ್ಬನು ಔಷಧವಿಲ್ಲದೆ ಮನೆಗೆ ಮರಳುತ್ತಾನೆ. ಹೆಂಡಿರು ಮಕ್ಕಳ ನಡುವೆ ಕೆಮ್ಮುತ್ತಲೇ ಇರುತ್ತಾನೆ.

ಬಸವಕಲ್ಯಾಣವಿರಲಿ, ಬೆಂಗಳೂರಿರಲಿ, ಈ ಓದಿನ ಕ್ರಮ ಒಂದೇ. ಕಫವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ, 1000 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಜೀಲ್–ನೀಲ್ಸನ್ ಪದ್ಧತಿಯಲ್ಲಿ ರೋಗಾಣುಗಳು ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳಂತೆ ತೋರುತ್ತವೆ. 1882ರಲ್ಲಿ ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟ ರೋಗಾಣು ಇದೇ. 100 ಕ್ಷೇತ್ರಗಳನ್ನಾದರೂ ನೋಡದೆ ‘ಇಲ್ಲ’ ಎನ್ನುವಂತಿಲ್ಲ. ನೂರರಲ್ಲಿ ನಾಲ್ಕೈದೇ ಕಡ್ಡಿಗಳಿದ್ದರೆ ದಣಿದ ಕಣ್ಣು ಅವನ್ನು ದಾಟಿಹೋಗುತ್ತದೆ. ಇಲ್ಲವೆ ಬಣ್ಣದ ಕಸವನ್ನೇ ರೋಗಾಣುವೆಂದು ಬಗೆಯುತ್ತದೆ. ಹೊಸ ಬಗೆಯ ಪರೀಕ್ಷೆಗಳು ಬಂದಿದ್ದರೂ ಸೂಕ್ಷ್ಮದರ್ಶಕ ಮೂಲೆ ಸೇರಿಲ್ಲ.

ಹಾಗಾದರೆ ಓದುವವರ ಕಣ್ಣನ್ನು ಪರೀಕ್ಷಿಸುವುದು ಹೇಗೆ? ಉತ್ತರ ಗೊತ್ತಿರುವ ಪಟ್ಟಿಗಳನ್ನು ಕಳುಹಿಸಿ ಓದಿಸುವುದು ಒಂದು ದಾರಿ. ಓದಿ ಮುಗಿದವುಗಳಲ್ಲಿ ಕೆಲವನ್ನು ಆಯ್ದು, ಮೊದಲ ಉತ್ತರವನ್ನರಿಯದ ಇನ್ನೊಬ್ಬರಿಂದ ಮತ್ತೆ ಓದಿಸುವುದು ಇನ್ನೊಂದು. ನಮ್ಮ ದೇಶದ ಕ್ಷಯ ನಿವಾರಣಾ ಕಾರ್ಯದಲ್ಲಿ ಇವೆರಡೂ ರೂಢಿಗೆ ಬಂದವು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಇಂತಹ ಮೇಲ್ವಿಚಾರಣೆಯಲ್ಲಿ ಪಾಲುಂಟು.

ಮೂರನೆಯದು ಗಣಕಯಂತ್ರದ ದಾರಿ. ಸೂಕ್ಷ್ಮದರ್ಶಕದ ಚಿತ್ರಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ, ಕಂಡದ್ದೇನೆಂದು ಹೇಳಬೇಕು. ಗಾಜು ಒಡೆಯುತ್ತದೆ, ಬಣ್ಣ ಮಾಸುತ್ತದೆ. ಚಿತ್ರವಾದರೋ ಎಲ್ಲ ಊರಿಗೂ ಒಂದೇ ಪ್ರಶ್ನೆಪತ್ರಿಕೆ. ಉಪಾಧ್ಯಾಯನಾದ ನನಗೆ ಮೊದಲು ಹಿಡಿಸಿದ್ದು ಇದೇ ಗುಣ. ಹಲವರು ಎಲ್ಲಿ ಎಡವಿದರೆಂಬುದೂ ಕೂಡಲೆ ತಿಳಿಯುವುದರಿಂದ ಪಾಠವನ್ನು ಅಲ್ಲಿಂದಲೇ ತೊಡಗಬಹುದು.

ಆದರೆ ಆ ಚಿತ್ರವನ್ನು ಯಾರೋ ಆಗಲೇ ಹುಡುಕಿ, ಸ್ಫುಟಗೊಳಿಸಿ ಇಟ್ಟಿರುತ್ತಾರೆ. ದಿನದ ಕೆಲಸದಲ್ಲಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಟವನ್ನು ಸ್ಪಷ್ಟ ಮಾಡಿಕೊಳ್ಳಬೇಕು, ಪಟ್ಟಿಯನ್ನು ಸರಿಸುತ್ತ ಹುಡುಕಬೇಕು. ಶಾಸನಕ್ಕೆ ಓರೆ ಬೆಳಕನ್ನು ಹುಡುಕಿಕೊಂಡಂತೆಯೇ ಇದು. ಲೇಪ ದಪ್ಪವಾಯಿತೆ, ಬಣ್ಣ ಸರಿಯಾಗಿ ಹತ್ತಿತೆ ಎಂಬುದು ಪರದೆಗೆ ತಿಳಿಯದು. ಗಣಕದಲ್ಲಿ ತೇರ್ಗಡೆಯಾದವರನ್ನೂ ಗಾಜಿನ ಪಟ್ಟಿಯ ಮುಂದೆ ಕೂರಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಪಾಲಿನ ಕೆಲಸ. ಕಫ ಕೇಳಿದಾಗ ಎಂಜಲನ್ನು ಉಗುಳಿ ಕೊಟ್ಟು ಬರಬಾರದು. ಬಾಯಿ ಮುಕ್ಕಳಿಸಿ, ಗಾಳಿಯಾಡುವ ಬಯಲಿನಲ್ಲಿ ನಿಂತು, ಆಳವಾಗಿ ಉಸಿರೆಳೆದು, ಎದೆಯೊಳಗಿಂದ ಕೆಮ್ಮಿ ತೆಗೆದುದನ್ನು ಕೊಡಿ.